ಪೆನ್ಸಿಲಿನಲ್ಲಿ ಬರೆದದ್ದು

ಮೊದಲು ನಿನ್ನಿಂದ ಶುರುಮಾಡು, ಅಂದಳು ಐಲಿ,
ವಾಸಾ ಪಟ್ಟಣದ ಪತ್ರಾಗಾರದಲ್ಲಿ, ಕನ್ನಡಕ ಹಣೆಗೇರಿಸಿ.
ನಿನ್ನಿಂದ ಅಮ್ಮ, ಅಮ್ಮನಿಂದ ಅಜ್ಜಿ, ಅಜ್ಜಿಯಿಂದ ಅವಳಪ್ಪ,
ಮೆಟ್ಟಿಲು ಮೆಟ್ಟಿಲಾಗಿ ಇಳಿ ಬಾವಿಗೆ.
ಧುಮುಕಿದವರೆಲ್ಲ
ಯಾವನೋ ರಾಜನ ವಂಶದವರಾಗಿ ಮೇಲೆದ್ದಿದ್ದಾರೆ.

ನಕ್ಕೆ. ಹೊರಗೆ ನವೆಂಬರ್, ಮೂರೂವರೆಗೇ ಕತ್ತಲು.

ಹೆಸರನ್ನು ನಂಬಬೇಡ, ಅಂದಳು.
ಮನೆ ಬದಲಾದರೆ ಹೆಸರೂ ಬದಲು ಈ ಸೀಮೆಯಲ್ಲಿ:
ಮಾಕೆಲಾದಲ್ಲಿ ದುಡಿದವ ಮಾಕೆಲಾ,
ಹೊಳೆ ದಾಟಿ ಅಳಿಯನಾಗಿ ಹೋದರೆ ರಿಂತಲಾ.
ಮೇಲಾಗಿ ಪಾದ್ರಿಯದು ಸ್ವೀಡಿಷ್ ಲೇಖನಿ,
ನಮ್ಮ ಬಾಯಿಯ ಯೂಹೊ ಅವನ ಪುಟದಲ್ಲಿ ಯೋಹಾನ್.
ಹೆಸರು ಬಿಡು, ಹುಟ್ಟಿದ ದಿನ ಹಿಡಿ.

ಚರ್ಚಿನ ದೊಡ್ಡ ಪುಸ್ತಕ, ಮನೆಗೊಂದು ಪುಟ.
ಯಜಮಾನ, ಹೆಂಡತಿ, ಮಕ್ಕಳು, ಕೊನೆಗೆ ಆಳುಕಾಳು,
ಯಾರಿಗೆ ಸಿಡುಬು ಬಂದು ಹೋಯಿತು,
ಯಾರು ಓದಬಲ್ಲರು, ಯಾರು ತಡವರಿಸುವರು.
ಮುತ್ತಜ್ಜನ ಓದಿನೆದುರು ಅರ್ಧ ಗುರುತು!
ಮೂರು ತಲೆಮಾರು ಅವನ ಜಾಣತನ ಕೊಂಡಾಡಿದ್ದೇ ಕೊಂಡಾಡಿದ್ದು.

ಕೆಲವು ಹೆಸರುಗಳ ಮೇಲೆ ಉದ್ದ ಗೆರೆ.
ಸತ್ತರೇ? ಕೇಳಿದೆ.
ಅವಸರ ಬೇಡ. ಗೆರೆಯೆಂದರೆ ಈ ಪುಟದಲ್ಲಿಲ್ಲ, ಅಷ್ಟೆ.
ಬಲದ ಅಂಚು ನೋಡು, ಎಲ್ಲಿಗೆ ಹೋದರೆಂದು ಬರೆದಿರುತ್ತದೆ.
ಬರೆಯದಿದ್ದರೆ ನೆರೆಯವರನ್ನು ಹಿಡಿ,
ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡವರನ್ನು ಹಿಡಿ.
ಒಬ್ಬರೇ ಯಾರೂ ಊರು ಬಿಡುವುದಿಲ್ಲ.

ಮುತ್ತಜ್ಜನಿಗೊಬ್ಬಳು ತಂಗಿ. ಹೆಟಾ.
ಅಜ್ಜಿ ಒಂದೇ ಸಲ ಹೇಳಿದ್ದಳು, ಆಲೂಗಡ್ಡೆ ಸುಲಿಯುತ್ತ;
ಮತ್ತೆ ಕೇಳಿದ್ದಕ್ಕೆ
ಸಿಪ್ಪೆ ಎಷ್ಟು ತೆಳ್ಳಗೆ ಬರಬೇಕೆಂದು ತೋರಿಸಿಕೊಟ್ಟಳು.

ಹೆಟಾಳ ಹೆಸರಿನ ಮೇಲೆ ಗೆರೆ.
ಬಲದ ಅಂಚು ಖಾಲಿ.

ಐಲಿ ಸಾವಿನ ಪುಸ್ತಕ ತಂದಳು,
ಸಾವಿರದ ಎಂಟುನೂರ ಅರವತ್ತೆಂಟು:
ಪೈನ್ ಮರದ ತೊಗಟೆ ಅರೆದು ರೊಟ್ಟಿ ತಟ್ಟಿದ ವರ್ಷ.
ಬೇರೆ ವರ್ಷಕ್ಕೆ ಮೂರು ಪುಟ, ಆ ವರ್ಷಕ್ಕೆ ಮೂವತ್ತು.
ಮಾರ್ಚ್ ಕಳೆದಂತೆ ಅಕ್ಷರ ಸಣ್ಣದಾಗುತ್ತ ಆಗುತ್ತ
ಮೇ ಹೊತ್ತಿಗೆ ಕೈಬರಹವೇ ಬೇರೆ.
ಮೊದಲು ಬರೆಯುತ್ತಿದ್ದವನು ಎಲ್ಲಿ?
ಐಲಿ ಬೆರಳಿಟ್ಟಳು. ಹನ್ನೊಂದನೆಯ ಸಾಲಿನಲ್ಲಿದ್ದ.

ಅವನ ಕೆಳಗೆ, ಒಂದೇ ವಾರದಲ್ಲಿ,
'ಗುರುತಿಲ್ಲದ ತಿರುಕ ಹುಡುಗಿ, ಸುಮಾರು ಎಂಟು. ದಾರಿಯಲ್ಲಿ.'
'ಗುರುತಿಲ್ಲದ ತಿರುಕ ಹುಡುಗಿ, ಸುಮಾರು ಹತ್ತು. ಕೊಟ್ಟಿಗೆಯಲ್ಲಿ.'

ನಮ್ಮವಳಿಗೆ ಒಂಬತ್ತು.

ಹಸಿದ ಮಗು ವಯಸ್ಸಿಗಿಂತ ಚಿಕ್ಕದಾಗಿ ಕಾಣುತ್ತದೆ, ಅಂದೆ.
ಮುಖ ಮಾತ್ರ ದೊಡ್ಡವರದಾಗುತ್ತದೆ, ಅಂದಳು ಐಲಿ.
ಆಮೇಲೆ ಸ್ವಲ್ಪ ಹೊತ್ತು
ಗೋಡೆಯ ಹೀಟರಿನ ಸದ್ದು.

ಪುರಾವೆ ಇಲ್ಲದ್ದನ್ನು ಶಾಯಿಯಲ್ಲಿ ಬರೆಯಬಾರದು,
ಇಲ್ಲಿ ಪೆನ್ನು ತರುವಂತೆಯೂ ಇಲ್ಲ, ಎಂದು
ತನ್ನ ಮೋಟು ಪೆನ್ಸಿಲು ಕೊಟ್ಟಳು.
ಮುತ್ತಜ್ಜನ ಪಕ್ಕಕ್ಕೆ ಗೆರೆ ಎಳೆದು
ಇಬ್ಬರನ್ನೂ ಬರೆದುಕೊಂಡೆ.

ಒಬ್ಬಳಾದರೂ ನಮ್ಮವಳಲ್ಲ, ಗೊತ್ತು.
ಅವಳ ಕಡೆಯವರು ಯಾರಾದರೂ, ಎಂದಾದರೂ,
ಮೆಟ್ಟಿಲಿಳಿಯುತ್ತ ಇಲ್ಲಿಗೆ ಬಂದರೆ
ಅಳಿಸಿ ಕೊಡುತ್ತೇನೆ.