ಎಡಗಡೆಯ ಲೆಕ್ಕ

ಕಡವು ದಾಟಿ ಬಂದಿದೆ ಸೈಕಲ್ಲು, ಬೆಂಗ್ರೆಯಿಂದ,
ದೋಣಿಯಲ್ಲಿ ನಿಂತೇ.
ಕ್ಯಾರಿಯರಿನ ಸಂದಿಯಲ್ಲಿ ಬೂತಾಯಿಯ ಒಣಗಿದ ಹುರುಪೆ,
ಮಡ್‌ಗಾರ್ಡಿನ ತುದಿ ಉಪ್ಪು ತಿಂದು ಬಿಸ್ಕತ್ತಿನ ಹಾಗೆ.
"ಮಾವನದ್ದು," ಅಂದಳು ಸುಗಂಧಿ. "ಅವರ ಮೊಣಕಾಲು ಹೋಯಿತು,
ಸೋಮವಾರದಿಂದ ಮೀನಿಗೆ ನಾನೇ.
ತುಳಿದರೆ ಅಡಿಯಲ್ಲಿ ಎಂತದೋ ಅಲ್ಲಾಡ್ತದೆ,
ಒಮ್ಮೆ ಬಿಚ್ಚಿ ನೋಡಿ."

ಕ್ರ್ಯಾಂಕು ಬಿಚ್ಚುವುದೆಂದರೆ ಮೊದಲು ಕಾಟರ್ ಪಿನ್ನು.
ರಾತ್ರಿಯಿಡೀ ಸೀಮೆಎಣ್ಣೆ ಕುಡಿಸಿಟ್ಟೆ.
ಬೆಳಿಗ್ಗೆ ನಟ್ಟನ್ನು ಪೂರ್ತಿ ತೆಗೆಯದೆ,
ತ್ರೆಡ್ಡು ಹಾಳಾಗದಂತೆ ಪಿನ್ನಿನ ತುದಿಮಟ್ಟ ನಿಲ್ಲಿಸಿ,
ಕ್ರ್ಯಾಂಕಿನಡಿಗೆ ಪೈಪಿನ ತುಂಡು ಕೊಟ್ಟು
ಉಸಿರು ಹಿಡಿದೆ.

ಹೊಡೆದರೆ ಒಂದೇ ಪೆಟ್ಟು, ಅನ್ನುತ್ತಿದ್ದರು ಮೋನಾಕ,
ಗೋಳಿಕಟ್ಟೆ ಬಜಾರಿನ ಆ ಮೂರಡಿ ಅಂಗಡಿಯಲ್ಲಿ.
ಹೆದರಿ ಹೊಡೆದದ್ದು ಪಿನ್ನನ್ನು ಬಗ್ಗಿಸ್ತದೆ,
ಸಿಟ್ಟಲ್ಲಿ ಹೊಡೆದದ್ದು ಎಕ್ಸೆಲ್ಲನ್ನು.
ನಿನಗೆ ಎರಡೂ ಉಂಟು. ಸದ್ಯಕ್ಕೆ ಗುಂಡು ಒರೆಸು.

ಠಣ್.
ಹೊರಬಂತು. ಅಂಗೈಯಲ್ಲಿಟ್ಟು ನೋಡಿದರೆ
ಪಿನ್ನಿನ ಚಪ್ಪಟೆ ಮೈಮೇಲೆ ಅರದ ಗೀರುಗಳು
ಎಡಕ್ಕೆ ವಾಲಿವೆ.
ಬಂದರಿನಲ್ಲಿ ಆಗ ಎಡಗೈಯಲ್ಲಿ ಅರ ಹಿಡಿಯುವವನು
ಒಬ್ಬನೇ ಇದ್ದ.

ಆಮೇಲೆ ಕೈ ಸ್ವಲ್ಪ ನಿಧಾನವಾಯಿತು.
ಲಾಕ್‌ರಿಂಗು. ಎಡದ ಕಪ್ಪು.
ಪಿಂಗಾಣಿ ಬಸಿಗೆ ಇಳಿಯಿತು ಕರಿಬೆಲ್ಲದಂಥ ಗ್ರೀಸು,
ಅದರೊಳಗೆ ಹಲ್ಲಿಗೆ ಸಿಗುವಂಥ ಅಳಿವೆಯ ಮರಳು.
ತೊಳೆದು ಎಣಿಸಿದೆ. ಬಲಗಡೆಯದು ಹನ್ನೊಂದು.
ಎಡಗಡೆಯದು ಹತ್ತು.
ಬೆಂಚಿನಡಿ ತಡಕಿದೆ, ಚಿಂದಿ ಕೊಡವಿದೆ,
ಗೊತ್ತಿದ್ದೂ.

ಹನ್ನೊಂದನೆಯದು ಗೋಳಿಕಟ್ಟೆಯ ಚರಂಡಿಯಲ್ಲಿದೆ.
ಮೂವತ್ತಾರು ವರ್ಷದ ಹಿಂದೆ, ಒಂದು ಶುಕ್ರವಾರ,
ಮೋನಾಕ ಪಳ್ಳಿಗೆ ಹೋಗಿದ್ದಾಗ
ನನ್ನ ಜಿಡ್ಡುಬೆರಳಿಂದ ಜಾರಿ, ಮೆಟ್ಟಿಲಲ್ಲಿ ಎರಡು ಸಲ ಕುಣಿದು
ಹೋಯಿತು. ತಿರುಗಿ ಬಂದವರು ಕೇಳಿದರು:
"ಹನ್ನೊಂದೂ ಉಂಟಲ್ಲ?"
"ಉಂಟು."

ಸಂಜೆ ಸುಗಂಧಿಯನ್ನು ಕೇಳಿದೆ,
ಇಷ್ಟು ವರ್ಷ ಇದು ಹೇಗೆ ಓಡಿತು?
"ಟೊಕ್, ಟೊಕ್ ಅಂತ," ನಕ್ಕಳು.
"ಮಾವ ಹಾರ್ನೇ ಇಟ್ಟವರಲ್ಲ. ಬೊಕ್ಕಪಟ್ಣದ ತಿರುವಿನಲ್ಲಿ ಟೊಕ್ ಅಂದರೆ ಸಾಕು,
ಹೆಂಗಸರು ಬಸಿ ಹಿಡಿದು ಹೊರಗೆ,
ಬೆಕ್ಕುಗಳು ಅವರಿಗಿಂತ ಮುಂದೆ."

ಹೊಸ ಗುಂಡು ಹೆಬ್ಬೆರಳು ತೋರುಬೆರಳ ನಡುವೆ.
ಬೂತಾಯಿಯ ಕಣ್ಣಿನಷ್ಟು.
ಹಾಕಿದರೆ ಸೈಕಲ್ಲು ಸರಿಯಾಗುತ್ತದೆ.
ಹಾಕದಿದ್ದರೆ ಮೀನು ಖರ್ಚಾಗುತ್ತದೆ.
ಎಷ್ಟು ಹೊತ್ತು ಹಿಡಿದುಕೊಂಡಿದ್ದೆನೋ,
ಅವಳು ಮೊಬೈಲು ನೋಡತೊಡಗಿದ್ದಳು.
ಗ್ರೀಸಿನಲ್ಲಿ ಒತ್ತಿದೆ. ಹತ್ತರ ನಡುವೆ ಅದು
ಏನೂ ಆಗದವರ ಹಾಗೆ ಕುಳಿತಿತು.
ಕ್ರ್ಯಾಂಕು ಏರಿಸಿ ಹೊಸ ಪಿನ್ನುಗಳನ್ನು ಎದುರುಬದುರು ಕೂರಿಸಿದೆ,
ಹಳೆಯದು ನನ್ನ ಜೇಬಿಗೆ.

ಚೀಟಿ ಬರೆದೆ: ಪಿನ್ನು ಎರಡು, ಗ್ರೀಸು, ಮಜೂರಿ,
ರಬ್ಬರಿನ ಹಾರ್ನು ಒಂದು.
"ಗುಂಡಿಗೆ ಎಷ್ಟು?"
"ಅದು ಹಳೆ ಬಾಕಿ."
"ಮಾವನದ್ದಾ?" ಅಂದಳು ಗಾಬರಿಯಲ್ಲಿ, ಪರ್ಸಿಗೆ ಕೈ ಹಾಕುತ್ತ.
"ಅಲ್ಲ ಮಾರಾಯ್ತಿ."
ಅಷ್ಟೇ ಹೇಳಿದ್ದು.

ಹತ್ತಿ ಹೋದಳು. ಒಂದು ಸದ್ದಿಲ್ಲ.
ಅಂಗಡಿ ಮುಂದಿನ ಬೆಕ್ಕು ತಲೆಯೆತ್ತಲಿಲ್ಲ.
ತಿರುವು ದಾಟಿದ ಮೇಲೆ, ತಡವಾಗಿ,
ಪೋಂ,
ಅಭ್ಯಾಸವಿಲ್ಲದ ಕೈ.