ಬುಟ್ಟಿಯ ತೂಕ ಕಳೆದು

ಓಜುರ್ಗೆತಿಯ ಚಹಾ ಸಂಘದಲ್ಲಿ
ಎಲೆ ತೂಗುವವಳ ಹೆಸರು ತ್ಸಿಯಾಲಾ.
ಮೊದಲು ಖಾಲಿ ಬುಟ್ಟಿ ತೂಗುತ್ತಾಳೆ, ಆಮೇಲೆ ತುಂಬಿದ್ದು;
ಎರಡರ ನಡುವೆ ಉಳಿದದ್ದಕ್ಕೆ ಮಾತ್ರ ದುಡ್ಡು.
ಇಷ್ಟೇ ಅವಳ ಗಣಿತ, ಮೂವತ್ತೊಂದು ವರ್ಷದಿಂದ.

ಹೋದ ವರ್ಷ ಅವಳಿಗೊಂದು ಕಿಟಕಿ ಮಾಡಿಕೊಟ್ಟೆ,
ಬತೂಮಿಯ ಬಾಡಿಗೆ ಕೋಣೆಯಲ್ಲಿ ಕೂತು:
ಪರದೆಯ ಮೇಲೆ ಒಂದು ಹೆಸರು, ಒಂದು ಅಂಕಿ, ಒಂದು ಹಸಿರು ಗುಂಡಿ.
ಅಷ್ಟಕ್ಕೆ ಇಡೀ ಬ್ರೌಸರನ್ನೇ ಒಳಗೆ ಕಟ್ಟಿ ಕಳಿಸಿದ್ದೆ.
ವೀಡಿಯೊ ಆಡಿಸಬಲ್ಲ, ಭೂಗೋಲ ತಿರುಗಿಸಬಲ್ಲ,
ಯಾರೂ ಕೇಳದ ಎಂಬತ್ತು ಭಾಷೆಗಳಲ್ಲಿ
ಕಾಗುಣಿತ ತಿದ್ದಬಲ್ಲ ಬ್ರೌಸರು.
ಮೂಗಿಗಿಂತ ಮೂಗುತಿ ಭಾರ.

ಎರಡು ಜಿಬಿಯ ಆ ಮುದಿ ಕಂಪ್ಯೂಟರು
ಮೊದಲ ಬುಟ್ಟಿಗೆ ಕಣ್ಣು ಬಿಡುವ ಹೊತ್ತಿಗೆ
ಸಾಲಿನಲ್ಲಿ, ಮೂಟೆಗಳೊಳಗೆ,
ಕಾಯುತ್ತ ಕಾಯುತ್ತ ಎಲೆ ಕಾಯುತ್ತಿತ್ತು,
ಎರಡೂ ಅರ್ಥದಲ್ಲಿ.
ತ್ಸಿಯಾಲಾ ಫೋನು ಮಾಡಿದಳು. ಬೈಯಲಿಲ್ಲ. ಕೇಳಿದಳು:
"ಬುಟ್ಟಿ ಕಳೆದರೆ ನಿನ್ನದು ಎಷ್ಟು ತೂಕ, ಮಗಳೇ?"

ಲೆಕ್ಕ ಹಾಕಿದೆ.
ನೂರ ಎಂಬತ್ತು ಎಂಬಿಯಲ್ಲಿ
ನಾನು ಬರೆದದ್ದು ಒಂದೂ ತುಂಬಲಿಲ್ಲ.

ಪಕ್ಕದ ಮೇಜಿನ ಬಾದ್ರಿ ಅಂದ:
ಗೋಡೆಯಲ್ಲಿ ಕಿಟಕಿ ಇದ್ದೇ ಇದೆಯಲ್ಲ,
ಹೋದಲ್ಲೆಲ್ಲ ಯಾಕೆ ಕಿಟಕಿ ಹೊತ್ತುಕೊಂಡು ಹೋಗುತ್ತೀ?
ಆ ಕಂಪ್ಯೂಟರಿನ ಹೊಟ್ಟೆಯಲ್ಲೂ
ಪುಟ ಬಿಡಿಸುವ ಯಂತ್ರವೊಂದು ಸುಮ್ಮನೆ ಕೂತಿದೆ;
ನೆರೆಮನೆಯಲ್ಲಿ ಕೆಂಡ ಕೇಳಿದ ಹಾಗೆ ಕೇಳಿಕೋ.

ಹದಿನಾಲ್ಕು ರಾತ್ರಿ.
ತುಕ್ಕು ಹಿಡಿದ ತಕ್ಕಡಿಯ ಜೊತೆ ಮಾತಾಡಲು
ತುಕ್ಕು ಎಂಬ ಹೆಸರಿನ ಭಾಷೆ ಕಲಿತೆ.
ಸಾಲ ಕೊಟ್ಟವನ ಹಾಗೆ ಅದು ಸಾಲುಸಾಲಿಗೂ ನಿಲ್ಲಿಸಿ ಕೇಳುತ್ತಿತ್ತು:
ಇದು ಯಾರದು? ಯಾರಿಂದ ಪಡೆದೆ? ಎಲ್ಲಿಯವರೆಗೆ ಇಟ್ಟುಕೊಳ್ಳುತ್ತೀ?
ಕೊನೆಗೆ ನಾಲ್ಕೂವರೆ ಎಂಬಿ.
ನಿಲ್ದಾಣದಲ್ಲಿ ನಿಂತು, ಮಾರ್ಷ್ರುತ್ಕಾ ಬರುವಷ್ಟರಲ್ಲಿ
ಫೋನಿನಿಂದಲೇ ಕಳಿಸಿದೆ.
ಹೂವೆತ್ತಿದ ಹಾಗೆ ಎತ್ತಿಕೊಂಡಿತು ಓಜುರ್ಗೆತಿ.

ಆದರೆ ಬೇರೆಯವರ ಗೋಡೆಗೆ ಒರಗಿದವಳು
ಗೋಡೆ ವಾಲಿದಷ್ಟು ವಾಲಲೇಬೇಕು.
ನನ್ನಲ್ಲಿ ಚೊಕ್ಕವಾಗಿ ನಿಂತಿದ್ದ ಸಾಲುಗಳು
ಆ ಹಳೆಯ ಯಂತ್ರದಲ್ಲಿ ಒಂದರ ಮೇಲೊಂದು ಕುಸಿದಿದ್ದವು.
ಗುಂಡಿ ಮೂಲೆ ಸೇರಿತ್ತು.
ಮುಟ್ಟಿದರೆ ತೆರೆಯಬೇಕಿದ್ದ ಕ್ಯಾಲೆಂಡರು ತೆರೆಯಲೇ ಇಲ್ಲ;
ಅದರ ಜಾಗದಲ್ಲಿ ಬರೀ ಒಂದು ಬಿಳಿ ಚೌಕ,
ಏನು ಬರೆದರೂ ಸೈ ಎನ್ನುವಂಥದ್ದು.

ಒಂದು ವಾರ ನನಗಿದು ಗೊತ್ತೇ ಇಲ್ಲ.
ಅವಳು ಫೋನು ಮಾಡಲಿಲ್ಲ. ಬೇಗ ತೆರೆಯುತ್ತಿತ್ತಲ್ಲ, ಸಾಕಿತ್ತು.
ಲೆಕ್ಕದ ಹಾಳೆಯಲ್ಲಿ ಗೋಜಲು ಕಂಡು ಬಸ್ಸು ಹತ್ತಿದೆ,
ಕಪ್ಪು ಸಮುದ್ರವನ್ನು ಎಡಕ್ಕೆ ಬಿಟ್ಟು, ಗುಡ್ಡ ಏರಿ.
ತಾರೀಖಿನ ಕಾಲಮ್ಮಿನಲ್ಲಿ
ತ್ಸಿಯಾಲಾ ಎರಡೇ ಬೆರಳಲ್ಲಿ ಕುಟ್ಟಿದ್ದಳು:

ಗುರುವಾರ, ಹತ್ತರವರೆಗೂ ಮಂಜು.
ಶುಕ್ರವಾರ, ಎಲೆ ಒದ್ದೆ, ಕಿಲೋಗೆ ಐವತ್ತು ಗ್ರಾಂ ನೀರೆಂದು ಕಳೆದಿದ್ದೇನೆ.
ಶನಿವಾರ, ಲಾಮಾರಾ ಬರಲಿಲ್ಲ, ಮಗುವಿಗೆ ಜ್ವರ.
ಸೋಮವಾರ. ಮೊನ್ನೆಯ ಹಾಗೇ.
ಲಾಮಾರಾ ಬಂದಳು.

ಸಾಲುಗಳನ್ನು ನೆಟ್ಟಗೆ ನಿಲ್ಲಿಸಿದೆ, ಹಳೆಯ ಗೋಡೆಗೆ ಹೊಂದುವಂತೆ.
ಗುಂಡಿಯನ್ನು ಮೂಲೆಯಿಂದ ಎಬ್ಬಿಸಿ ತಂದೆ.
ತಾರೀಖನ್ನು ಈಗ ಯಂತ್ರವೇ ಬರೆದುಕೊಳ್ಳುತ್ತದೆ, ಕಾಣದ ಹಾಗೆ.
ಚೌಕ ಅಲ್ಲೇ ಇದೆ.

ಮರಳಿದ ಮೇಲೆ ಬಾದ್ರಿ ಕೋಡು ನೋಡಿ ಕೇಳಿದ:
ಕೆಲಸವಿಲ್ಲದ ಈ ಚೌಕ ಯಾಕೆ? ಇದು ಬುಟ್ಟಿಯೋ, ಎಲೆಯೋ?
ನನ್ನ ಚೀಲದಲ್ಲಿ ಅವಳು ಕಟ್ಟಿಕೊಟ್ಟ ಚಹಾ ಇತ್ತು.
ಸರಿಯಾಗಿ ಕಾಲು ಕಿಲೋ ಇದೆ ಅಂದಿದ್ದಳು,
ಕಾಗದದ ತೂಕ ಕಳೆದು.