ಎಡಗೋಲಿನ ಗಂಟೆ

ನಾಗಮಂಗಲದ ನಮ್ಮ ಹಿತ್ತಿಲಲ್ಲಿ
ತಿಪ್ಪೆಗುಂಡಿ ಇದೆ, ದನವಿಲ್ಲ.
ಸಗಣಿಯನ್ನು ಪಕ್ಕದ ಕೇರಿಯಿಂದ ಕೊಂಡು ತರುತ್ತೇನೆ,
ಬುಟ್ಟಿಗೆ ಇಪ್ಪತ್ತು ರೂಪಾಯಿ.
ಹೊಸ ಗಂಟೆಗಳ ಮೈಗೆ ಹುಣಿಸೆಹಣ್ಣು, ಉಪ್ಪು ಬಳಿದು
ಅದರೊಳಗೆ ಹೂಳುತ್ತೇನೆ.
ಇಪ್ಪತ್ತೊಂದು ದಿನಕ್ಕೆ ಎದ್ದು ಬರುತ್ತವೆ
ನೂರು ವರ್ಷ ವಯಸ್ಸಾಗಿ.

"ಹಳೇದೇ ಅಲ್ವಾ?" ಅಂತ ಕೇಳುತ್ತಾರೆ ಮೈಸೂರಿನವರು.
"ನೀವೇ ನೋಡಿ" ಅನ್ನುತ್ತೇನೆ.
ಸುಳ್ಳು ನಾನು ಹೇಳಲಿಲ್ಲ, ಕಿಲುಬು ಹೇಳಿತು.

ಅಪ್ಪ ಎರಕ ಹೊಯ್ಯುವಾಗ ಯಾರೂ ಉಸಿರೆತ್ತುವಂತಿರಲಿಲ್ಲ.
ಹುತ್ತದ ಮಣ್ಣಿನ ಒಳಗೆ ಜೇನುಮೇಣ ಕರಗಿ ಹರಿದು
ಅದು ಬಿಟ್ಟುಹೋದ ಜಾಗಕ್ಕೆ ಕಂಚು ಇಳಿಯುವುದನ್ನು
ಕಿವಿಯಿಂದಲೇ ನೋಡುತ್ತಿದ್ದ,
ಕೊರಳಿಗೆ ಬಂದ ನೀರು ಕೊಡದ ದನಿ ಬದಲಿಸುತ್ತದಲ್ಲ, ಹಾಗೆ.
ಬಿಡಿ ಗಂಟೆ ಮಾಡಿದವನಲ್ಲ. ಜೊತೆಗೆ ಜೊತೆ:
ಬಲಗೋಲಿನದು ಚೂರು ಸಣ್ಣ ದನಿ,
ಎಡಗೋಲಿನದು ಹೊಟ್ಟೆಯಿಂದ ಬರಬೇಕು.
ಗಾಡಿಯ ಮೇಲೆ ತೂಕಡಿಸುವವನಿಗೂ ಕತ್ತಲಲ್ಲಿ
ಯಾವುದು ನೊಗ ಜಗ್ಗುತ್ತಿದೆ, ಯಾವುದು ಮೈಗಳ್ಳ,
ಗೊತ್ತಾಗಬೇಕು.
ಬೆಳ್ಳೂರಿನವರೊಬ್ಬರು ಹದಿನೈದು ದಿನ ಕಟ್ಟಿ ನೋಡಿ
ವಾಪಸ್ ತಂದಿದ್ದರು:
"ಆಚಾರೀ, ಗಂಟೆ ಚೆಂದಾಗೈತೆ.
ಆದ್ರೆ ನಮ್ಮ ಕರಿಯಂದಲ್ಲ."
ಅಪ್ಪ ಜಗಳ ತೆಗೆಯಲಿಲ್ಲ. ಅರ ತಗೊಂಡು
ಬಾಯಂಚನ್ನು ಕೂದಲೆಳೆಯಷ್ಟು ತೀಡಿದ.
ಬಡಿದ. ಮತ್ತೆ ತೀಡಿದ.
ಆ ಮನುಷ್ಯ ತಲೆಯಾಡಿಸಿದ ಮೇಲೆಯೇ
ನಮಗೆ ಮಧ್ಯಾಹ್ನದ ಮುದ್ದೆ.

ಈಗ ಆರ್ಡರು ಫೋನಿನಲ್ಲಿ ಬರುತ್ತದೆ, ಅಳತೆ ಇಂಚಿನಲ್ಲಿ.
ಬಾಲ್ಕನಿಗೆ ಐದು, ಮೆಟ್ಟಿಲ ಗೋಡೆಗೆ ಏಳು,
ಸೆಣಬಿನ ಹಗ್ಗ ಎದ್ದು ಕಾಣಬೇಕು.
ಯಾದವಗಿರಿಯ ವಸುಧಾ ಮೇಡಂ ಒಳ್ಳೆಯವರು,
ಕೇಳಿದ್ದು ಕೊಟ್ಟರು, ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು.
ಒಂದೇ ಮಾತು: "ನಾಲಗೆ ತೆಗೆದುಬಿಡಿ.
ಕಿಟಕಿ ತೆಗೆದರೆ ಗಾಳಿ,
ನಮ್ಮ ಯಜಮಾನರಿಗೆ ಮೊದಲೇ ನಿದ್ದೆ ಕಮ್ಮಿ."
ನಾನೇ ಇಕ್ಕಳ ಹಿಡಿದು ಬಿಚ್ಚಿದೆ,
ಏಳಕ್ಕೆ ಏಳು.

ನಮ್ಮನೆ ಅಟ್ಟಣಿಗೆಯ ಮೇಲೊಂದು ಬಿಸ್ಕತ್ತಿನ ಡಬ್ಬ.
ಅದರ ತುಂಬ ಇಂಥ ನಾಲಗೆಗಳು.
ಒಮ್ಮೆ ಸುಗುಣಾಳ ಕೈತಾಗಿ ಉರುಳಿ ಬಿತ್ತು.
ಗಂಟೆಯ ಸದ್ದಲ್ಲ, ಜಲ್ಲಿ ಸುರಿದ ಸದ್ದು.
"ಬರೀ ನಾಲಗೆ ಇದ್ದರೆ ಇಷ್ಟೇ" ಅಂದಳು,
ಅದ್ಯಾಕೋ ನನ್ನ ಕಡೆ ನೋಡಿ.

ಆ ದಿನ ಏಳನೆಯದನ್ನು ಮೊಳೆಗೆ ಹಾಕುತ್ತಿದ್ದೆ.
ಮೆಟ್ಟಿಲು ಒರೆಸುತ್ತಿದ್ದ ಚಿಕ್ಕತಾಯಮ್ಮ
ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು
ಬೆರಳಗೆಣ್ಣಿನಿಂದ ಮೂರನೆಯದಕ್ಕೆ ಬಡಿದಳು.
ಕಿವಿಗೊಟ್ಟಳು. ಇನ್ನೊಮ್ಮೆ.
"ಇದು ಎಡಗೋಲಿಂದು.
ಇದರ ಜೊತೆಗಾರ ಎಲ್ಲಣ್ಣ?"

ಆರು ನನ್ನವು, ಗುಂಡಿಯಲ್ಲಿ ಮುದಿಯಾದವು.
ಒಂದು ಕಡಿಮೆ ಬಿದ್ದಿತ್ತು ಅಂತ
ಗುಜರಿಯವನಿಂದ ತೂಕಕ್ಕೆ ಬಿಡಿಸಿಕೊಂಡ ಅಪ್ಪನ ಜೋಡಿಯಲ್ಲಿ
ಉಳಿದಿದ್ದ ಒಂದನ್ನು ಸಾಲಿಗೆ ಸೇರಿಸಿದ್ದೆ.
ಮೇಡಂಗೆ ಗೊತ್ತಾಗಿರಲಿಲ್ಲ.
ಪೇಟೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆ.

ಇನ್ನೊಂದು, ಬಲಗೋಲಿನದು,
ಶ್ರೀರಂಗಪಟ್ಟಣದ ದಾರಿಯ ಹೋಟೆಲಿನ ಗಲ್ಲದ ಹತ್ತಿರ ಇದೆ.
ಅದಕ್ಕೆ ನಾಲಗೆ ಉಳಿಸಿದ್ದಾರೆ.
ಕೈ ತೊಳೆದು ಬಂದವರು ಎಳೆದರೆ
ಬಿಲ್ಲು ಬರುತ್ತದೆ.

"ಇದೆ ಕಣಮ್ಮ, ಇನ್ನೊಂದು ಕಡೆ" ಅಂದೆ.
"ಒಂಟಿ ಕಟ್ಟಬಾರ್ದು" ಅಂದಳು,
"ಎತ್ತು ಕತ್ತು ಹೊರಳಿಸಿ ಹೊರಳಿಸಿ ನೋಡ್ತದೆ."
ಬಕೆಟ್ಟು ಎತ್ತಿಕೊಂಡು ಕೆಳಗಿನ ಮೆಟ್ಟಿಲಿಗೆ ಇಳಿದಳು.

ಹಾಲಿನಲ್ಲಿ ನಿಂತು ಮೇಡಂ ಒಂದು ಕಣ್ಣು ಮುಚ್ಚಿದರು.
"ಎಲ್ಲಾ ಸರಿ. ಆ ಮೂರನೆಯದು ಯಾಕೋ
ಸ್ವಲ್ಪ ಬಲಕ್ಕೆ ತಿರುಗಿದೆ, ನೋಡಿ."
ನೇರ ಮಾಡಿದೆ. ಕೈ ಬಿಟ್ಟೆ.
ತಿರುಗಿತು.